ಪುರುಸೊತ್ತಿಲ್ಲದ ಕೆಲಸ ಯಾವುದು?

ಯುಗಾದಿಯ ಬೆಳಿಗ್ಗೆ ಏಳು ಗಂಟೆಗೆ ಹೋಳಿಗೆ ಮಾಡಲೆಂದು ಅಡುಗೆಮನೆಗೆ ಕಾಲಿಟ್ಟಿರಿ ಅನ್ನಿ. ಮೊದಲು ಯಾವುದಕ್ಕೆ ಕೈ ಹಾಕುತ್ತೀರಿ? "ಇದೇನು ಕೇಳೋ ಪ್ರಶ್ನೆ, ಬೇಳೆ ಬೇಯಲು ಇಡೋದು" ಅಂತೀರಾ? ನಾನೂ ಮದುವೆಯಾದ ಹೊಸದರಲ್ಲಿ ಹಾಗೇ ಮಾಡುತ್ತಿದ್ದೆ. ಬೇಳೆಯದು ದೊಡ್ಡ ಕೆಲಸ, ಅದು ಮೊದಲು ಮುಗಿಯಲಿ ಅಂತ.

ಈಗ ಸ್ವಲ್ಪ ಲೆಕ್ಕ ಹಾಕೋಣ. ಬೇಳೆ ಬೇಯಲು 40 ನಿಮಿಷ, ಕಟ್ಟು ಬಸಿಯಲು 10, ಬೆಲ್ಲ ಹಾಕಿ ಮಗುಚಲು 20, ರುಬ್ಬಲು 30. ಒಟ್ಟು 100 ನಿಮಿಷಕ್ಕೆ ಹೂರಣ ಸಿದ್ಧ. ಕಣಕಕ್ಕೆ? ಕಲಸಿ ನಾದಲು 15 ನಿಮಿಷ, ಆಮೇಲೆ ಎಣ್ಣೆಯಲ್ಲಿ ನೆನೆಯಲು ಎರಡು ಗಂಟೆ. ಅಲ್ಲಿಗೆ 135 ನಿಮಿಷ. ಎರಡೂ ಸಿದ್ಧವಾಗದೆ ಮೊದಲ ಹೋಳಿಗೆ ತಟ್ಟುವ ಹಾಗಿಲ್ಲ. ಏಳಕ್ಕೇ ಕಣಕ ಕಲಸಿಟ್ಟರೆ ಒಂಬತ್ತೂಕಾಲಿಗೆ ಕಾವಲಿ ಇಡಬಹುದು. ಬೇಳೆಯ ಹಿಂದೆ ಓಡಾಡಿ ಎಂಟಕ್ಕೆ ಕಣಕ ಕಲಸಿದರೆ ಹತ್ತೂಕಾಲು! ಹೂರಣ ಎಷ್ಟು ಬೇಗ ರುಬ್ಬಿಟ್ಟರೂ ಅದು ಪಾತ್ರೆಯಲ್ಲಿ ಕೂತು ಕಣಕಕ್ಕಾಗಿ ಕಾಯಬೇಕು.

ಅಂದರೆ ಇಲ್ಲಿ ಬೇಳೆಗೆ 35 ನಿಮಿಷ ಪುರುಸೊತ್ತಿದೆ, ಕಣಕಕ್ಕೆ ಒಂದು ನಿಮಿಷವೂ ಇಲ್ಲ. ರುಬ್ಬುವಾಗ ಕರೆಂಟು ಹೋಯಿತೋ (ನಮ್ಮ ಮಲೆನಾಡಿನಲ್ಲಿ ಹಬ್ಬದ ದಿನ ಕರೆಂಟು ಹೋಗದಿದ್ದರೆ ಅದೇ ವಿಶೇಷ), ಅರ್ಧ ಗಂಟೆಯಾದರೂ ಗಾಬರಿ ಬೇಡ, ಊಟ ತಡವಾಗುವುದಿಲ್ಲ. ಒಂದು ಗಂಟೆ ಹೋದರೆ ಮಾತ್ರ ಲೆಕ್ಕ ತಿರುಗಿತು. ಆಗ ಹೂರಣವೇ ಹಿಂದೆ ಬಿತ್ತು, ಊಟ 25 ನಿಮಿಷ ತಡ.

ಹೋಳಿಗೆಯ ಈ ಲೆಕ್ಕಕ್ಕೆ ದೊಡ್ಡ ದೊಡ್ಡ ಕಾರ್ಖಾನೆಗಳಲ್ಲಿ ಒಂದು ಗಂಭೀರವಾದ ಹೆಸರಿದೆ: ಕ್ರಿಟಿಕಲ್ ಪಾತ್. ಕನ್ನಡದಲ್ಲಿ ನಿರ್ಣಾಯಕ ಪಥ ಎನ್ನುತ್ತಾರೆ. ಒಂದು ಯೋಜನೆಯಲ್ಲಿ ಒಂದರ ಹಿಂದೆ ಒಂದು ಆಗಲೇಬೇಕಾದ ಕೆಲಸಗಳ ಸಾಲುಗಳಲ್ಲಿ ಎಲ್ಲಕ್ಕಿಂತ ಉದ್ದದ ಸಾಲು ಯಾವುದೋ ಅದೇ ಈ ಪಥ. ಇಡೀ ಕೆಲಸ ಎಷ್ಟು ದಿನ ಹಿಡಿಯುತ್ತದೆ ಎಂಬುದನ್ನು ಆ ಸಾಲೇ ತೀರ್ಮಾನಿಸುತ್ತದೆ. ಅದರಲ್ಲಿ ಒಂದು ದಿನ ಜಾರಿದರೆ ಕೊನೆಯ ದಿನವೂ ಒಂದು ದಿನ ಜಾರಿತು. ಉಳಿದ ಸಾಲುಗಳಿಗೆ ಅಷ್ಟಿಷ್ಟು ಪುರುಸೊತ್ತು ಇದ್ದೇ ಇರುತ್ತದೆ.

ಇದು ಹುಟ್ಟಿದ್ದು ಅಮೆರಿಕದಲ್ಲಿ. ನಮ್ಮ ಅಮ್ಮಂದಿರ ಪೆಟ್ಟಿಗೆಯಲ್ಲಿ ಒಂದಾದರೂ ನೈಲಾನ್ ಸೀರೆ ಇರುತ್ತಿತ್ತಲ್ಲ, ಆ ನೈಲಾನನ್ನು 1935ರಲ್ಲಿ ಕಂಡುಹಿಡಿದ ಡುಪಾಂಟ್ ಕಂಪನಿಯೇ ಇದಕ್ಕೂ ತವರು. 1950ರ ದಶಕದ ಕೊನೆಯಲ್ಲಿ ಆ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ‍್ಯಾಂಡ್ ಕಂಪನಿಯ ಜೇಮ್ಸ್ ಕೆಲ್ಲಿ ಸೇರಿ ಈ ಲೆಕ್ಕವನ್ನು ರೂಪಿಸಿದರು. ಅದೇ ಸುಮಾರಿಗೆ ಅಮೆರಿಕದ ನೌಕಾಪಡೆ ತನ್ನ ಪೊಲಾರಿಸ್ ಕ್ಷಿಪಣಿ ಯೋಜನೆಗೆ ಪರ್ಟ್ ಎಂಬ ಇದರ ತಂಗಿಯಂಥ ಪದ್ಧತಿಯನ್ನು ಬಳಸಿತು. ಕ್ಷಿಪಣಿ ಕಟ್ಟಿಕೊಂಡು ನಮಗೇನಾಗಬೇಕು, ಬಿಡಿ. ನನಗೆ ಇದು ಬೇಕಾದದ್ದು ಉಪ್ಪಿನಕಾಯಿಗೆ. ಅದೂ ಕೈ ಸುಟ್ಟುಕೊಂಡ ಮೇಲೆ.

ಮೊದಲ ವರ್ಷದ ಕತೆ

ನಮ್ಮದು ಗಾಜನೂರು. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಬಂದರೆ ಸಕ್ರೆಬೈಲಿನ ಆನೆಗಳಿಗಿಂತ ಮೊದಲು ಸಿಗುವುದು ನಮ್ಮೂರಿನ ತುಂಗಾ ಅಣೆಕಟ್ಟು. ನಮ್ಮ ಸ್ವಸಹಾಯ ಸಂಘದ ಆರು ಜನ ಹೆಂಗಸರು 2022ರಲ್ಲಿ ಮಾವಿನಮಿಡಿ ಉಪ್ಪಿನಕಾಯಿ ಮಾಡಿ ಮಾರುವುದೆಂದು ಹೊರಟೆವು. ಶಿವಮೊಗ್ಗದ ಒಂದು ಅಂಗಡಿಯವರು ಅರ್ಧ ಕಿಲೋದ 200 ಬಾಟಲಿ ಬೇಕೆಂದರು. ಏಪ್ರಿಲ್ 30ರೊಳಗೆ ಕೊಡಬೇಕು, ಮೇ ತಿಂಗಳ ಮದುವೆ ಸೀಸನ್ನಿಗೆ. ಸಂಘದಿಂದ 30,000 ರೂಪಾಯಿ ಸಾಲ ನನ್ನ ಹೆಸರಿನಲ್ಲಿ ಎತ್ತಿದೆವು.

ಆಮೇಲೆ ನಾವು ಮೊದಲು ಮಾಡಿದ ಕೆಲಸ ಏನು ಗೊತ್ತೇ? ಉಪ್ಪಿನಕಾಯಿಗೆ ಹೆಸರಿಡುವುದು! ಎರಡು ವಾರ ಅದೇ ಚರ್ಚೆ. ಒಬ್ಬರಿಗೆ ದೇವರ ಹೆಸರು ಬೇಕು, ಒಬ್ಬರಿಗೆ ಹೊಳೆಯ ಹೆಸರು. ಲೇಬಲ್ಲಿಗೆ ಚಿತ್ರ, ಚಿತ್ರಕ್ಕೆ ಬಣ್ಣ. ಲೇಬಲ್ ಬೇಗ ಸಿಗಲೆಂದು ಪ್ರೆಸ್ಸಿನವರಿಗೆ 2,500 ರೂಪಾಯಿ ಹೆಚ್ಚಿಗೆ ಕೊಟ್ಟು ಅರ್ಜೆಂಟಾಗಿ ಮಾಡಿಸಿದೆವು. ಬಾಟಲಿಗಳೂ ಬಂದು ಜಗಲಿಯ ಮೇಲೆ ಸಾಲಾಗಿ ಕೂತವು. ನೋಡಿದವರೆಲ್ಲ "ಓಹೋ, ಕೆಲಸ ಜೋರಾಗಿ ನಡೆದಿದೆ" ಅಂದರು. ನಾವೂ ನಂಬಿದೆವು.

ಇಷ್ಟಕ್ಕೂ ಮಿಡಿಯೇ ಬಂದಿರಲಿಲ್ಲ. "ಮಿಡಿ ಎಲ್ಲಿ ಹೋಗತ್ತೆ, ಸೀಸನ್ ಬಂದರೆ ಸಿಕ್ಕೇ ಸಿಗತ್ತೆ" ಅಂದುಕೊಂಡಿದ್ದೆವು. ಕೊನೆಗೆ ಏಪ್ರಿಲ್ ಮೊದಲ ವಾರ ಸಿಕ್ಕಿತು, ಅದೂ ಗಾಳಿಮಳೆಗೆ ಸಿಕ್ಕಿದ ಮಿಡಿ. ಭರಣಿ ತೊಳೆದು ಒಣಗಿಸಿರಲಿಲ್ಲ, ಅದಕ್ಕೆ ಮತ್ತೆ ಮೂರು ದಿನ. ಹದಿನೆಂಟು ದಿನ ಉಪ್ಪಿನಲ್ಲಿರಬೇಕಾದ ಮಿಡಿಯನ್ನು ಒಂಬತ್ತೇ ದಿನಕ್ಕೆ ತೆಗೆದು ಖಾರ ಹಾಕಿದೆವು. ನಮ್ಮತ್ತೆ ಬಾಗಿಲಲ್ಲಿ ನಿಂತು, "ಮುರುಟದ ಮಿಡಿಗೆ ಖಾರ ಹಾಕ್ತಾರೇನೇ?" ಅಂದರು. ಕೇಳಿಸಿಕೊಳ್ಳಲು ಯಾರಿಗೂ ವ್ಯವಧಾನ ಇರಲಿಲ್ಲ.

ಮೇ ಎರಡನೇ ವಾರ ಅಂಗಡಿಯಿಂದ ಫೋನು ಬಂತು. 70 ಬಾಟಲಿಗೆ ಬೂಷ್ಟು. ಉಳಿದವನ್ನೂ ವಾಪಸು ತೆಗೆದುಕೊಂಡು ಹೋಗಿ ಅಂದರು. ಅವರದೇನೂ ತಪ್ಪಿಲ್ಲ. ಸಂಘದ ಸಾಲ ತೀರಿಸಲು ನನ್ನ ಒಂದು ಜೊತೆ ಬಳೆ ಅಡವಿಗೆ ಹೋಯಿತು. ಅದಕ್ಕಿಂತ ಹೆಚ್ಚು ನೋವಾದದ್ದು ಸಂಘದ ವಾರದ ಸಭೆಯಲ್ಲಿ ಯಾರೂ ಏನೂ ಬೈಯದೆ ಸುಮ್ಮನೆ ಕೂತದ್ದು.

ಚಿಕ್ಕಮಾವನ ಚಾರ್ಟು

ಭದ್ರಾವತಿಯಲ್ಲಿ ಕಾರ್ಖಾನೆಯೊಂದರ ದುರಸ್ತಿ ವಿಭಾಗದಲ್ಲಿ ದುಡಿದು ನಿವೃತ್ತರಾದ ನಮ್ಮ ಚಿಕ್ಕಮಾವ ಆ ವರ್ಷ ದೀಪಾವಳಿಗೆ ಬಂದಿದ್ದರು. ಕತೆಯೆಲ್ಲ ಕೇಳಿ, "ಏನಮ್ಮ, ಚಾರ್ಟು ಬರೆದಿದ್ದೆಯಾ?" ಅಂದರು.

"ಉಪ್ಪಿನಕಾಯಿಗೆ ಎಂಥ ಚಾರ್ಟು ಮಾವ?" ಅಂದೆ.

ಅವರು ವಿವರಿಸಿದರು. ಕಾರ್ಖಾನೆಯಲ್ಲಿ ಕುಲುಮೆಯನ್ನು ದುರಸ್ತಿಗೆಂದು ನಿಲ್ಲಿಸುತ್ತಾರೆ. ನಿಂತ ಒಂದೊಂದು ದಿನವೂ ನಷ್ಟ. ಹಾಗಂತ ಎಲ್ಲರೂ ಎಲ್ಲ ಕೆಲಸಕ್ಕೂ ಒಟ್ಟಿಗೇ ನುಗ್ಗಿದರೆ ಗದ್ದಲವೇ ಹೊರತು ಕುಲುಮೆ ಬೇಗ ಹೊತ್ತುವುದಿಲ್ಲ. ಬಿಸಿ ಆರದೆ ಒಳಗೆ ಇಳಿಯುವಂತಿಲ್ಲ, ಇಳಿಯದೆ ಹಳೇ ಇಟ್ಟಿಗೆ ಕೀಳುವಂತಿಲ್ಲ, ಕೀಳದೆ ಹೊಸದು ಜೋಡಿಸುವಂತಿಲ್ಲ. ಈ ಸಾಲಿನ ಮೇಲೆ ಕಣ್ಣಿಡಬೇಕು. ಹೊರಗಿನ ಕಂಬಿಗಳಿಗೆ ಬಣ್ಣ ಹೊಡೆಯುವುದು ಯಾವಾಗಲಾದರೂ ಆದೀತು. "ನೀವು ಬಣ್ಣ ಹೊಡೀತಾ ಕೂತಿದ್ರಿ" ಅಂತ ನಕ್ಕರು. ನನಗೆ ನಗು ಬರಲಿಲ್ಲ.

ನಮ್ಮೂರಿನ ಅಣೆಕಟ್ಟನ್ನೇ ತೋರಿಸಿ ಇನ್ನೊಂದು ಮಾತು ಹೇಳಿದರು. ಹೊಳೆಗೆ ಅಡ್ಡ ಕಟ್ಟುವ ಕೆಲಸಕ್ಕೆ ತಾರೀಖು ಕೊಡುವವರು ಎಂಜಿನಿಯರಲ್ಲ, ಹೊಳೆ. ಮಳೆಗಾಲದಲ್ಲಿ ತುಂಗೆ ಹೇಗೆ ಬರುತ್ತಾಳೆಂದು ನಮಗೆ ಯಾರೂ ಹೇಳಬೇಕಿಲ್ಲ. ಗೇಟುಗಳನ್ನೆಲ್ಲ ಎತ್ತಿದರೆ ಆ ಸದ್ದು ನಮ್ಮ ನಡುಮನೆಗೆ ಕೇಳುತ್ತದೆ. ಪಾತ್ರದೊಳಗಿನ ಕೆಲಸವೆಲ್ಲ ನೀರು ಇಳಿದ ಮೇಲೆ ಶುರುವಾಗಿ ಜೂನಿನ ಮಳೆಗೆ ಮುಂಚೆ ಒಂದು ಹಂತಕ್ಕೆ ಬರಬೇಕು. ಇಲ್ಲದಿದ್ದರೆ ಇಡೀ ವರ್ಷ ಹೋಯಿತು. ಕಚೇರಿ ಕಟ್ಟಡ, ರಸ್ತೆ, ಕ್ವಾರ್ಟರ್ಸ್ ಇವಕ್ಕೆಲ್ಲ ಹೊಳೆಯ ಹಂಗಿಲ್ಲ. "ನಿಮ್ಮ ಹೊಳೆ ಯಾವುದು?" ಅಂತ ಕೇಳಿದರು. ನಮ್ಮ ಹೊಳೆ ಮಾವಿನಮರ. ಮಿಡಿ ಬಿಡುವ ಕಾಲ ನಾವು ಹೇಳಿದಂತೆ ಬರುವುದಿಲ್ಲ, ನಮಗಾಗಿ ನಿಲ್ಲುವುದೂ ಇಲ್ಲ.

ಅಂದು ರಾತ್ರಿ ಹಳೇ ಕ್ಯಾಲೆಂಡರಿನ ಬೆನ್ನಿನ ಮೇಲೆ ಬರೆಯಲು ಕೂತೆವು. ನೀವೂ ಒಂದು ಕಾಗದ ತೆಗೆದುಕೊಂಡು ನನ್ನ ಜೊತೆ ಬರೆಯಿರಿ, ಕಷ್ಟವೇನಿಲ್ಲ. ಮೊದಲು ಕೆಲಸಗಳ ಪಟ್ಟಿ. ನಮಗೆ 16 ಕೆಲಸ ಸಿಕ್ಕವು. ಪ್ರತಿಯೊಂದರ ಮುಂದೆ ಎರಡು ಪ್ರಶ್ನೆ: ಇದಕ್ಕೆ ಎಷ್ಟು ದಿನ ಬೇಕು? ಇದನ್ನು ಶುರು ಮಾಡುವ ಮುಂಚೆ ಯಾವುದು ಮುಗಿದಿರಬೇಕು? ಎರಡನೆಯದೇ ಮುಖ್ಯ. ಆಮೇಲೆ ಕೆಲಸದಿಂದ ಕೆಲಸಕ್ಕೆ ಬಾಣ ಎಳೆಯುತ್ತಾ ಹೋಗುವುದು.

ಕೊನೆಯಿಂದ ಹಿಂದಕ್ಕೆ ಎಣಿಸಬೇಕು ಅಂದರು ಚಿಕ್ಕಮಾವ. ಅದೇ ಅಂಗಡಿಯವರನ್ನು ಕಾಡಿ ಬೇಡಿ 2023ಕ್ಕೂ ಅದೇ ಏಪ್ರಿಲ್ 30ರ ಗಡುವು ಪಡೆದಿದ್ದೆ. ಬಾಟಲಿಗೆ ತುಂಬಿ ಲೇಬಲ್ ಅಂಟಿಸಲು 2 ದಿನ. ಅದಕ್ಕೂ ಮೊದಲು ಖಾರ ಹಿಡಿಯಲು 15 ದಿನ. ಖಾರ ರುಬ್ಬಿ ಬೆರೆಸಲು 2 ದಿನ. ಉಪ್ಪಿನಲ್ಲಿ 18 ದಿನ. ತೊಳೆದು, ಒರೆಸಿ, ನೆರಳಲ್ಲಿ ಆರಿಸಲು 1 ದಿನ. ಕೂಡಿಸಿದರೆ 38. ಅಂದರೆ ಮಾರ್ಚ್ 23ಕ್ಕೆ ಮಿಡಿ ನಮ್ಮ ಅಂಗಳದಲ್ಲಿ ಇರಬೇಕು. ಹೇಳಿಟ್ಟು, ಕೊಯ್ಯಿಸಿ, ತರಿಸಲು 10 ದಿನ ಹಿಡಿದರೆ ಮಾರ್ಚ್ 13ಕ್ಕೆ ವ್ಯಾಪಾರಿಗೆ ಮುಂಗಡ ಕೊಟ್ಟಿರಬೇಕು. ಒಟ್ಟು 48 ದಿನದ ಸಾಲು. ಇದೇ ನಮ್ಮ ಪುರುಸೊತ್ತಿಲ್ಲದ ದಾರಿ. ಕೆಂಪು ಶಾಯಿಯಲ್ಲಿ ಬರೆದೆವು.

ಈ ಸಾಲನ್ನು ಸ್ವಲ್ಪ ಗಮನಿಸಿ. 48ರಲ್ಲಿ 33 ದಿನ ಮಿಡಿ ಭರಣಿಯಲ್ಲಿ ಕೂತಿರುತ್ತದೆ. ದಿನಕ್ಕೊಮ್ಮೆ ಒಣಗಿದ ಮರದ ಸೌಟಿನಲ್ಲಿ ಮೇಲೆ ಕೆಳಗೆ ಮಾಡುವುದು ಬಿಟ್ಟರೆ ನಮಗೇನೂ ಕೆಲಸವಿಲ್ಲ. ಕಣಕ ನೆನೆದ ಹಾಗೆ. ಕಣ್ಣಿಗೆ ಕೆಲಸವೇ ಕಾಣದ ಜಾಗದಲ್ಲಿ ದಿನಗಳೆಲ್ಲ ಹೋಗುತ್ತವೆ, ಆದ್ದರಿಂದಲೇ ನಾವು ಅದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಉಳಿದವಕ್ಕೆ ಮಾರ್ಚ್ 13ರಿಂದಲೇ ಎಣಿಸಿದೆವು. ಬಾಟಲಿ ತರಿಸಲು 7, ತೊಳೆದು ಬಿಸಿಲಿಗಿಡಲು 2. ಅವು ಬೇಕಾಗುವುದು 46 ದಿನ ಕಳೆದ ಮೇಲೆ. 37 ದಿನ ಪುರುಸೊತ್ತು! ಹಿಂದಿನ ವರ್ಷ ಎಲ್ಲಕ್ಕಿಂತ ಮೊದಲು ತಂದು ಜಗಲಿಯಲ್ಲಿಟ್ಟು ಮಕ್ಕಳು ಒಡೆಯದಂತೆ ಕಾದದ್ದು ಇದನ್ನೇ. ಮೆಣಸಿನಕಾಯಿ, ಸಾಸಿವೆ ತಂದು ಒಣಗಿಸಿ ಮಿಲ್ಲಿಗೆ ಹಾಕಲು 6 ದಿನ, ಪುರುಸೊತ್ತು 23. ಲೇಬಲ್ಲಿನ ಸಾಲು ಸ್ವಲ್ಪ ಉದ್ದ. ಆಹಾರ ಸುರಕ್ಷತೆಯ ನೋಂದಣಿ ಸಂಖ್ಯೆಯನ್ನು ಲೇಬಲ್ಲಿನ ಮೇಲೆ ಅಚ್ಚು ಹಾಕಲೇಬೇಕು, ಆದ್ದರಿಂದ ನೋಂದಣಿ ಮುಗಿಯದೆ ಪ್ರೆಸ್ಸಿಗೆ ಹೋಗುವ ಹಾಗಿಲ್ಲ. ನೋಂದಣಿಗೆಂದು 15 ದಿನ ಇಟ್ಟುಕೊಂಡೆವು, ನಮೂನೆಗೆ 5, ಅಚ್ಚಿಗೆ 7. ಒಟ್ಟು 27, ಪುರುಸೊತ್ತು 19. ಇಲ್ಲೊಂದು ಎಚ್ಚರಿಕೆ ಹೇಳುತ್ತೇನೆ. ಆ 19 ದಿನ ಮೂರು ಕೆಲಸಕ್ಕೂ ಸೇರಿ ಇರುವ ಒಂದೇ ಗಂಟು. ನೋಂದಣಿಯೇ ಅದನ್ನೆಲ್ಲ ತಿಂದರೆ ಪ್ರೆಸ್ಸಿನವರಿಗೆ ಒಂದು ದಿನವೂ ಉಳಿಯುವುದಿಲ್ಲ.

ಭರಣಿಯದು ಮಾತ್ರ ಬೆಚ್ಚಿಬೀಳಿಸಿತು. ತರಲು 2, ತೊಳೆದು ಬಿಸಿಲಲ್ಲಿ ಒಣಗಿಸಲು 3, ಪುರುಸೊತ್ತು ಬರೀ 6. ಮೊದಲ ವರ್ಷ ಅದನ್ನು ಒಂದು ಕೆಲಸವೆಂದೇ ಯಾರೂ ಎಣಿಸಿರಲಿಲ್ಲ.

ಹಬ್ಬ, ಚುನಾವಣೆ, ಪರೀಕ್ಷೆ

ಚಾರ್ಟು ಬರೆದ ಮಾತ್ರಕ್ಕೆ ಎಲ್ಲವೂ ಸುಸೂತ್ರ ಆಯಿತು ಅಂದುಕೊಳ್ಳಬೇಡಿ. 2023ರ ಯುಗಾದಿ ಬಿದ್ದದ್ದು ಮಾರ್ಚ್ 22ಕ್ಕೆ. ಕ್ಯಾಲೆಂಡರಿನ ಬೆನ್ನಿನ ಮೇಲೆ ಬರೆದೆವೇ ಹೊರತು ಮಗುಚಿ ಅದರ ಮುಖ ನೋಡಲಿಲ್ಲ! ರಿಪ್ಪನ್‌ಪೇಟೆ ಕಡೆಯ ನಮ್ಮ ವ್ಯಾಪಾರಿ ಫೋನು ಮಾಡಿ, "ಅಕ್ಕ, ಮರ ಹತ್ತೋರೆಲ್ಲ ಹಬ್ಬಕ್ಕೆ ಹೋಗಿದಾರೆ. ಇಪ್ಪತ್ತೇಳಕ್ಕೆ ಕಳಿಸ್ತೀನಿ" ಅಂದ. ಕೆಂಪು ಸಾಲಿನಲ್ಲಿ ನಾಲ್ಕು ದಿನ ಹೋಯಿತು.

ಇಲ್ಲೇ ಚಾರ್ಟು ಉಪಯೋಗಕ್ಕೆ ಬಂದದ್ದು. ನಾಲ್ಕು ದಿನ ಎಲ್ಲಿಂದ ತರುವುದು? ಉಪ್ಪಿನ 18 ಮುಟ್ಟುವಂತಿಲ್ಲ, ಆ ಪಾಠ ಆಗಿದೆ. ಖಾರದ 15 ಕೂಡ ಹಾಗೇ. ಉಳಿದದ್ದು ಮೂರು ಜಾಗ. ಗೂಡ್ಸ್ ಆಟೋ ಮಾಡಿಕೊಂಡು ನಾನೂ ನನ್ನ ಓರಗಿತ್ತಿಯೂ ನಾವೇ ಹೋಗಿ, ಸಿಕ್ಕ ಇಬ್ಬರಿಂದ ಕೊಯ್ಯಿಸಿ, 25ರ ಸಂಜೆ ಮಿಡಿ ತಂದೆವು. ಎರಡು ದಿನ ಉಳಿಯಿತು. ಬಾಡಿಗೆ 1,800 ರೂಪಾಯಿ. (ನಾವೇ ಹೋದದ್ದರಿಂದ ಇನ್ನೊಂದು ಲಾಭ: ನೆಲಕ್ಕೆ ಬಿದ್ದು ಜಜ್ಜಿದ ಮಿಡಿಗಳನ್ನು ಅಲ್ಲೇ ಆರಿಸಿ ತೆಗೆದೆವು. ಅಂಥದ್ದು ಒಂದಿದ್ದರೂ ಭರಣಿಗೇ ಕೇಡು. ತೊಟ್ಟು ಪೂರ್ತಿ ಕಿತ್ತ ಮಿಡಿಯೂ ಬೇಡ. ಸೊನೆ ಹೋದರೆ ಪರಿಮಳ ಹೋದಂತೆ.) ಖಾರ ಬೆರೆಸುವ ದಿನ ಇಬ್ಬರನ್ನು, ತುಂಬುವ ದಿನ ಇಬ್ಬರನ್ನು ಕೂಲಿಗೆ ಕರೆದು ಎರಡೆರಡು ದಿನದ ಕೆಲಸವನ್ನು ಒಂದೊಂದೇ ದಿನಕ್ಕೆ ಮುಗಿಸಿದೆವು. ತಲಾ 400ರಂತೆ 1,600. ಒಟ್ಟು 3,400 ರೂಪಾಯಿಗೆ ನಾಲ್ಕು ದಿನ ವಾಪಸು ಬಂತು.

ಮೊದಲ ವರ್ಷ ಪ್ರೆಸ್ಸಿಗೆ ಕೊಟ್ಟ 2,500ರ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಅವಸರಕ್ಕೆಂದು ಎರಡೂ ವರ್ಷ ದುಡ್ಡು ಕೊಟ್ಟಿದ್ದೇವೆ. ಮೊದಲನೆಯದು ಪುರುಸೊತ್ತಿದ್ದ ಕೆಲಸಕ್ಕೆ ಕೊಟ್ಟದ್ದು, ಹೊಳೆಗೆ ಹಾಕಿದ ಹಾಗಾಯಿತು. ಲೇಬಲ್ ಬೇಗ ಬಂದರೇನು, ಅಂಟಿಸಲು ಉಪ್ಪಿನಕಾಯಿಯೇ ಇರಲಿಲ್ಲ.

ಪ್ರೆಸ್ಸಿನದು ಈ ಸಲವೂ ತಾಪತ್ರಯವೇ. ಮಾರ್ಚ್ 29ಕ್ಕೆ ವಿಧಾನಸಭಾ ಚುನಾವಣೆ ಘೋಷಣೆಯಾಯಿತಲ್ಲ, ಮೇ 10ರ ಮತದಾನಕ್ಕೆ ಊರಿನ ಪ್ರೆಸ್ಸುಗಳಿಗೆಲ್ಲ ಕರಪತ್ರದ ಕೆಲಸ. ನಮ್ಮ ಲೇಬಲ್ ಎಂಟು ದಿನ ತಡ ಅಂದರು. ಸಂಘದ ಒಬ್ಬರು ಗಾಬರಿಯಿಂದ ಓಡಿಬಂದರು. ನಾನು ಚಾರ್ಟು ನೋಡಿ, "19ರಲ್ಲಿ 8 ಹೋಯಿತು, ಇನ್ನೂ 11 ಇದೆ. ಕಾಫಿ ಕುಡೀರಿ" ಅಂದೆ. ನಿಜ ಹೇಳುತ್ತೇನೆ, ನನಗೆ ಈ ವಿದ್ಯೆಯ ಮೇಲೆ ಪ್ರೀತಿ ಹುಟ್ಟಿದ್ದು ಆ ಕ್ಷಣದಲ್ಲಿ. ಯಾವುದಕ್ಕೆ ಚಿಂತೆ ಮಾಡಬೇಕು ಎನ್ನುವುದಕ್ಕಿಂತ ಯಾವುದಕ್ಕೆ ಬೇಡ ಎಂದು ತಿಳಿದದ್ದೇ ದೊಡ್ಡ ನಿರಾಳ.

ಚಾರ್ಟಿನಲ್ಲಿ ಒಂದು ದೋಷವಿದೆ, ಅದನ್ನೂ ಹೇಳಬೇಕು. ಕಾಗದದ ಮೇಲೆ ಒಂದೇ ದಿನ ನಾಲ್ಕು ಬಾಣ ಎಳೆಯಬಹುದು. ಮನೆಯಲ್ಲಿರುವುದು ಎರಡೇ ಕೈ. ಪುಸ್ತಕದ ಲೆಕ್ಕದಲ್ಲಿ ಮೆಣಸಿನಕಾಯಿ ಒಣಗಿಸುವವರು ಬೇರೆ, ನೋಂದಣಿಗೆ ಓಡಾಡುವವರು ಬೇರೆ, ಭರಣಿ ತೊಳೆಯುವವರು ಬೇರೆ. ನಮ್ಮ ಲೆಕ್ಕದಲ್ಲಿ? ಪ್ರತಿ ಕೆಲಸದ ಮುಂದೆ ಮಾಡುವವರ ಹೆಸರನ್ನೂ ಬರೆಯಲು ಹೇಳಿದರು ಚಿಕ್ಕಮಾವ. ಬರೆದು ನೋಡಿದರೆ 16ರಲ್ಲಿ 11ರ ಮುಂದೆ ನನ್ನದೇ ಹೆಸರು. ಸಾಲದ್ದಕ್ಕೆ ಮಾರ್ಚ್ 31ರಿಂದ ಏಪ್ರಿಲ್ 15ರವರೆಗೆ ಮಗಳ ಎಸ್ಸೆಸ್ಸೆಲ್ಸಿ ಪರೀಕ್ಷೆ. ಅವಳಿಗೆ ಬೆಳಿಗ್ಗೆ ತಿಂಡಿ, ರಾತ್ರಿ ಹಾಲು, ನಡುವೆ ಧೈರ್ಯ. ಇವು ಯಾವುದೂ ಚಾರ್ಟಿನಲ್ಲಿ ಇರಲಿಲ್ಲ. ನಮ್ಮ ಮನೆಯವರು ಕನ್ನಡಕ ಏರಿಸಿ ಚಾರ್ಟನ್ನು ಬಹಳ ಹೊತ್ತು ನೋಡಿ, "ಹಾಗಾದರೆ ಪುರುಸೊತ್ತಿಲ್ಲದ್ದು ಮಿಡಿಗಲ್ಲ, ನಿನಗೆ" ಅಂದರು. ಹದಿನೆಂಟು ವರ್ಷದ ಸಂಸಾರದಲ್ಲಿ ಬಾಯಿಮಾತಿನಲ್ಲಿ ಎಷ್ಟು ಹೇಳಿದರೂ ಹೋಗದ ವಿಷಯ ಒಂದು ಕಾಗದದಿಂದ ಹೋಯಿತು ನೋಡಿ!

ಮಾರನೇ ವಾರ ಸಂಘದ ಸಭೆಯಲ್ಲಿ ಚಾರ್ಟು ಹಾಸಿ ಹೆಸರುಗಳನ್ನು ಹಂಚಿದೆವು. ನೋಂದಣಿಯ ಓಡಾಟ ಒಬ್ಬರಿಗೆ, ಮೆಣಸಿನಕಾಯಿ ಇಬ್ಬರಿಗೆ, ಬಾಟಲಿ ಇನ್ನೊಬ್ಬರಿಗೆ. ಮಗಳ ಪರೀಕ್ಷೆಯ ದಿನಗಳಲ್ಲಿ ಭರಣಿ ಕೈಯಾಡಿಸುವುದನ್ನು ನಮ್ಮತ್ತೆ ವಹಿಸಿಕೊಂಡರು. ಯಾರಿಗೂ ಮುಟ್ಟಲು ಬಿಡಲಿಲ್ಲ. ನನ್ನ ಹೆಸರು ಐದು ಕಡೆ ಉಳಿಯಿತು.

ಏಪ್ರಿಲ್ 30ರ ಮಧ್ಯಾಹ್ನ 200 ಬಾಟಲಿ ಅಂಗಡಿ ಸೇರಿದವು. ಬಳೆ ಆ ವರ್ಷವೇ ಬಿಡಿಸಲು ಆಗಲಿಲ್ಲ, ಮರುವರ್ಷ ಬಿಡಿಸಿದೆ.

ನೀವು ಹಪ್ಪಳವೇ ಮಾಡಿ, ಹೊಲಿಗೆ ಯಂತ್ರ ಇಟ್ಟು ಶಾಲೆಯ ಸಮವಸ್ತ್ರದ ಆರ್ಡರೇ ಹಿಡಿಯಿರಿ, ಮನೆಯ ಮುಂದೆ ಸಣ್ಣ ತಿಂಡಿ ಅಂಗಡಿಯೇ ತೆರೆಯಿರಿ, ಹೀಗೊಮ್ಮೆ ಬರೆದು ನೋಡಿ. ಹಪ್ಪಳಕ್ಕೆ ನಿಮ್ಮ ಹೊಳೆ ಬಿಸಿಲು. ಸಮವಸ್ತ್ರಕ್ಕೆ ಶಾಲೆ ಶುರುವಾಗುವ ದಿನ. ದಿನಗಳನ್ನು ಬರೆಯುವಾಗ "ಎಲ್ಲ ಸರಿಹೋದರೆ" ಎಷ್ಟು ಅಂತ ಬರೆಯಬೇಡಿ, ಹೋದ ಸಲ ನಿಜವಾಗಿ ಎಷ್ಟು ಹಿಡಿಯಿತೋ ಅಷ್ಟನ್ನೇ ಬರೆಯಿರಿ. ಕ್ಯಾಲೆಂಡರಿನ ಮುಖವನ್ನೂ ನೋಡಿ. ಕೆಂಪು ಸಾಲೊಂದು ಬಿಟ್ಟು ಮಿಕ್ಕದ್ದೆಲ್ಲ ಪೆನ್ಸಿಲಿನಲ್ಲಿರಲಿ. ವಾರಕ್ಕೊಮ್ಮೆ ಅಳಿಸಿ ತಿದ್ದಬೇಕಾಗುತ್ತದೆ. ಹಾಗೆ ತಿದ್ದುವಾಗ ಒಂದೊಂದು ಸಲ ಕೆಂಪು ಸಾಲೇ ಜಾಗ ಬದಲಿಸಿರುತ್ತದೆ, ಕರೆಂಟು ಹೋದ ದಿನದ ಹೂರಣದ ಹಾಗೆ.